ರೈಟರ್ ಕಾಲು

ವಸ್ತಾರೆಯ ಜಯದೇವಪ್ಪನವರಿಗೆ ಕಾಲು ಎರಡು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಅವುಗಳಲ್ಲಿ ಯಾವುದನ್ನು ಕೊಯ್ಯಬೇಕು ಎಂಬಲ್ಲಿ. ಅದೂ ಎಲ್ಲಿ? ಚಿಕ್ಕಮಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಸುತ್ತ ನಿಂತವರೆಲ್ಲ ಓದುಬರಹ ಬಲ್ಲವರೇ ಆಗಿದ್ದಾಗ, ಬೆಳಗಿನ ಹನ್ನೊಂದು ಗಂಟೆಗೆ. ಹೇಗೆ ಹುಟ್ಟಿತು ಎಂದು ಕೇಳಿದರೆ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಡೆದದ್ದು ಇಷ್ಟು.

ಜಯದೇವಪ್ಪನವರು ಮೂವತ್ತೆರಡು ವರ್ಷ ಒಂದೇ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ರೈಟರ್ ಎಂದರೆ ಕಥೆ ಬರೆಯುವವರಲ್ಲ. ಬೆಳಗ್ಗೆ ಆಳುಗಳ ಹಾಜರಿ ಹಿಡಿಯುವಲ್ಲಿಂದ ಸಂಜೆ ಹಣ್ಣಿನ ಮೂಟೆ ಒಳಗೆ ಹಾಕಿಸುವವರೆಗೆ ತೋಟದಲ್ಲಿ ನಿಂತೇ ಇರುವವರು. ನಿಂತು ನಿಂತು ಕಾಲಿನ ನರ ಉಬ್ಬಿ, ಮೀನಖಂಡದ ಮೇಲೆ ಗಂಟುಗಂಟಾಗಿ ಹರಿದಾಡಿದ್ದವು. ಎರಡೂ ಕಾಲಲ್ಲಿ ಉಬ್ಬಿದ್ದರೂ ನೋಯುತ್ತಿದ್ದುದು ಎಡಗಾಲು ಮಾತ್ರ. ಬಲಗಾಲು ಒಂದು ದಿನವೂ ತೊಂದರೆ ಕೊಟ್ಟದ್ದಿಲ್ಲ. ಮೇಲಾಗಿ ಅವರ ಹಳೆಯ ಸ್ಕೂಟರ್ ಸ್ಟಾರ್ಟ್ ಆಗುತ್ತಿದ್ದುದೇ ಆ ಬಲಗಾಲಿನ ಒದೆತಕ್ಕೆ. ಮಗ ಹಾಲೇಶ ಒದ್ದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಹಾಗಾಗಿ ಆಪರೇಷನ್ನಿಗೆ ಒಪ್ಪುವಾಗ ಜಯದೇವಪ್ಪನವರು ಹಾಕಿದ ಷರತ್ತು ಒಂದೇ: "ಎಡಗಾಲಿಗೆ ಏನು ಬೇಕಾದ್ರೂ ಮಾಡಿ, ಬಲಗಾಲಿಗೆ ಮಾತ್ರ ಕತ್ತಿ ತಾಗ್ಬಾರ್ದು."

ಇದು ಎರಡು ಸಾವಿರದ ಏಳನೇ ಇಸವಿಯ ಮೇ ತಿಂಗಳ ಮಾತು. ಆ ಆಸ್ಪತ್ರೆಗೆ ಆಗಷ್ಟೇ ರೂಪಶ್ರೀ ಎಂಬ ಹೊಸ ಹೆಡ್ ಸಿಸ್ಟರ್ ಬಂದಿದ್ದಳು. ಆಸ್ಪತ್ರೆಗೆ ಬಂದ ಮೇಲೆ ಮಂಚದಿಂದ ಬೀಳುವುದು, ಪಕ್ಕದವರ ಮಾತ್ರೆ ನುಂಗುವುದು, ಒಂದು ಕಡೆಯ ಬದಲು ಇನ್ನೊಂದು ಕಡೆ ಕೊಯ್ಯಿಸಿಕೊಳ್ಳುವುದು, ಇವೆಲ್ಲ ಹಣೆಬರಹವಲ್ಲ, ರೋಗಿಯೇ ಸ್ವಲ್ಪ ಕಣ್ಣು ಬಿಟ್ಟುಕೊಂಡಿದ್ದರೆ ತಪ್ಪಿಸಬಹುದು ಎಂಬುದು ಅವಳ ನಂಬಿಕೆ. 'ನಿಮ್ಮ ಸುರಕ್ಷೆಗೆ ನೀವೂ ಕಾವಲು' ಎಂದು ಒಂದು ಕರಪತ್ರ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದಳು. ಹೆಚ್ಚಿನವರು ಅದರಲ್ಲಿ ಬಾಳೆಹಣ್ಣಿನ ಸಿಪ್ಪೆ ಸುತ್ತಿಟ್ಟರು. ಜಯದೇವಪ್ಪನವರು ಕನ್ನಡಕ ಏರಿಸಿ ಮೂರು ಸಲ ಓದಿದರು. ನಿವೃತ್ತಿಯಾಗಿ ಎರಡು ವರ್ಷದಿಂದ ಯಾರ ಮೇಲೂ ಕಣ್ಣಿಡಲು ಅವಕಾಶವಿಲ್ಲದೆ ಸೊರಗಿದ್ದ ಮನುಷ್ಯನಿಗೆ ಅದು ಕರಪತ್ರದಂತೆ ಕಾಣಲಿಲ್ಲ, ನೇಮಕಾತಿ ಆದೇಶದಂತೆ ಕಂಡಿತು.

"ಸಿಸ್ಟರ್, ಇದ್ರಲ್ಲಿ 'ಸಂಶಯ ಬಂದರೆ ಕೇಳಿ' ಅಂತಿದೆ. ಸಂಶಯ ಬರದಿದ್ರೂ ಕೇಳ್ಬೋದಾ?"

"ಕೇಳಿ ಜಯದೇವಪ್ಪನವ್ರೇ, ಎಷ್ಟು ಬೇಕಾದ್ರೂ ಕೇಳಿ" ಎಂದಳು ರೂಪಶ್ರೀ. ಪಾಪ, ಮನಸಾರೆ ಹೇಳಿದ ಮಾತು ಅದು.

ಜಯದೇವಪ್ಪನವರು ಕೇಳಲು ಶುರು ಮಾಡಿದರು. ಮಾತ್ರೆ ತಂದ ನರ್ಸಿಗೆ ಮಾತ್ರೆಯ ಹೆಸರು, ಅದನ್ನು ಮಾಡಿದ ಊರು, ಅದು ಹೊಟ್ಟೆಗೆ ಹೋದ ಮೇಲೆ ಎಡಗಾಲಿನ ದಾರಿ ಹೇಗೆ ಕಂಡುಹಿಡಿಯುತ್ತದೆ ಎಂಬುದನ್ನೆಲ್ಲ ಕೇಳಿದರು. ಬಿ.ಪಿ. ನೋಡಲು ಬಂದವಳಿಗೆ, "ಮೊದ್ಲು ನನ್ನ ಹೆಸರು ಹೇಳಮ್ಮ" ಎಂದು, ಅವಳು ಹೇಳಿದ ಮೇಲೆ ಕೈಗೆ ಕಟ್ಟಿದ್ದ ಪಟ್ಟಿ ಓದಿ, ಹೌದು ತಾನೇ ಜಯದೇವಪ್ಪ ಎಂದು ಖಾತ್ರಿ ಮಾಡಿಕೊಂಡು ತೋಳು ಚಾಚಿದರು. ಮಂಚದಿಂದ ಒಬ್ಬರೇ ಇಳಿಯಬಾರದು, ಬೆಲ್ ಒತ್ತಬೇಕು ಎಂದು ಬರೆದಿದ್ದರಿಂದ ತಮಗೂ ಒತ್ತಿದರು, ಪಕ್ಕದ ಮಂಚದ ಬೊಮ್ಮಯ್ಯ ಮಗ್ಗುಲು ಬದಲಿಸಿದಾಗಲೂ ಒತ್ತಿದರು.

ಈ ಬೊಮ್ಮಯ್ಯ ಜಾವಳಿ ಕಡೆಯ ಎಸ್ಟೇಟೊಂದರ ಮೇಸ್ತ್ರಿ. ಹರ್ನಿಯಾ ಆಪರೇಷನ್ನಿಗೆ ಬಂದವನು. ಇಬ್ಬರೂ ತೋಟದವರಾದ್ದರಿಂದ ಅರ್ಧ ಗಂಟೆಯಲ್ಲಿ ಸ್ನೇಹವಾಗಿತ್ತು.

"ರೈಟ್ರೇ, ಮಗ್ಗುಲಿಗೆಲ್ಲ ಬೆಲ್ ಒತ್ಬೇಡಿ ಮಾರಾಯ್ರೆ. ನರ್ಸಮ್ಮ ನನ್ನನ್ನ ಗುರಾಯಿಸ್ತಾರೆ."

"ಬಿದ್ರೆ ಗೊತ್ತಾಗುತ್ತೆ ನಿಂಗೆ. ಕಾವಲು ಅಂದ್ಮೇಲೆ ಕಾವಲು ಮಾರಾಯ."

ಕರಪತ್ರದ ಮೂರನೆಯ ಮಾತು: 'ನಿಮ್ಮನ್ನು ಮುಟ್ಟುವ ಮೊದಲು ಕೈ ತೊಳೆದಿದ್ದಾರೆಯೇ ಎಂದು ಕೇಳಿ.' ಅದರಲ್ಲಿ ಡಾಕ್ಟರು, ನರ್ಸು ಎಂದು ಬಿಡಿಸಿ ಹೇಳಿರಲಿಲ್ಲ. ಸಂಜೆ ನಾಲ್ಕಕ್ಕೆ ಹೆಂಡತಿ ರುದ್ರಾಣಮ್ಮನ ಅಣ್ಣ ಪರಮೇಶ್ವರಪ್ಪನವರು ಊರಿನ ಮೂರು ಜನರನ್ನು ಕರೆದುಕೊಂಡು ತಂಗಿಯ ಗಂಡನನ್ನು ನೋಡಲು ಬಂದರು. ಅವರು ಹತ್ತಿರ ಬಂದು ಕೈ ಹಿಡಿಯುವಷ್ಟರಲ್ಲಿ ಜಯದೇವಪ್ಪನವರು, "ಬನ್ನಿ ಬನ್ನಿ ಭಾವ. ಕೈ ತೊಳೆದ್ರಾ?" ಎಂದರು.

ನಮ್ಮ ಕಡೆ ಮನೆಗೆ ಬಂದವರಿಗೆ ಕೈ ತೊಳೆಯಲು ಹೇಳಿದರೆ ಅದಕ್ಕಿರುವ ಅರ್ಥ ಒಂದೇ. ಪರಮೇಶ್ವರಪ್ಪನವರ ಮುಖ ಅರಳಿತು. "ಅಯ್ಯೋ, ಆಸ್ಪತ್ರೇಲೂ ಇದೆಲ್ಲ ಯಾಕೆ ಬೇಕಿತ್ತು" ಎಂದು ಉಪಚಾರಕ್ಕೆ ಹೇಳಿ, ನಾಲ್ವರೂ ಹೋಗಿ ಸೋಪು ಹಾಕಿ ಕೈ ತೊಳೆದು ಬಂದು ಸಾಲಾಗಿ ಕೂತರು. ಜಯದೇವಪ್ಪನವರು ತೃಪ್ತಿಯಿಂದ, ಇನ್ನು ಮುಟ್ಟಬಹುದು ಎಂದು ಕೈ ಚಾಚಿದರು. ಯಾರೂ ಮುಟ್ಟಲಿಲ್ಲ. ಒದ್ದೆ ಕೈಯನ್ನು ಮೇಲಕ್ಕೆ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಇಪ್ಪತ್ತು ನಿಮಿಷವಾಯಿತು.

ಪರಮೇಶ್ವರಪ್ಪನವರು ತಂಗಿಯನ್ನು ಮೆಲ್ಲಗೆ ಕರೆದರು. "ರುದ್ರಾಣಿ, ಇನ್ನೆಷ್ಟು ಹೊತ್ತಾಗುತ್ತಮ್ಮ?"

"ಏನಣ್ಣ?"

"ಎಲೆ ಹಾಕೋದು."

ರುದ್ರಾಣಮ್ಮ ಗಂಡನ ಕಡೆ ಒಂದು ನೋಟ ಎಸೆದು, ಕ್ಯಾಂಟೀನಿಗೆ ಓಡಿ ನಾಲ್ಕು ಪ್ಲೇಟ್ ಉಪ್ಪಿಟ್ಟು, ನಾಲ್ಕು ಕೇಸರಿಬಾತು ತಂದು ಮಾನ ಉಳಿಸಿದರು. ಪರಮೇಶ್ವರಪ್ಪನವರು ಊರಿಗೆ ಹೋದವರೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ಮಂಚದ ಮೇಲೆ ಮಲಗಿದ್ರೂ ಬಂದೋರ ಕೈ ತೊಳೆಸ್ದೆ ಬಿಡಲ್ಲ ನಮ್ಮ ಭಾವ" ಎಂದು ಹೊಗಳಿದರು. ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ವಸ್ತಾರೆಯಿಂದ ಪರಮೇಶ್ವರಪ್ಪನವರೂ ಸೇರಿ ಹನ್ನೊಂದು ಜನ ರೋಗಿಯ ಯೋಗಕ್ಷೇಮ ವಿಚಾರಿಸಲು ಬಂದಿಳಿದರು. ಬಂದವರು ಯಾರೂ ಕೇಳುವುದಕ್ಕೆ ಕಾಯಲಿಲ್ಲ, ನೇರವಾಗಿ ನಲ್ಲಿಯ ಕಡೆ ನಡೆದರು.

ಆ ದಿನವೇ ಆಪರೇಷನ್. ಒಂಬತ್ತು ಗಂಟೆಗೆ ರೂಪಶ್ರೀ ಒಂದು ದಪ್ಪನೆಯ ಕಪ್ಪು ಪೆನ್ನು ಹಿಡಿದು ಬಂದಳು.

"ಜಯದೇವಪ್ಪನವ್ರೇ, ಇದು ಹೊಸ ಕ್ರಮ. ಯಾವ ಕಾಲು ಅಂತ ತಪ್ಪಾಗ್ಬಾರ್ದಲ್ಲ, ಅದಕ್ಕೆ ನೀವೇ ಕಾಲಿಗೆ ಗುರುತು ಹಾಕ್ಕೊಂಡಿರಿ. ಆಮೇಲೆ ಡಾಕ್ಟರು ಬಂದು, ನಿಮ್ಮನ್ನ ನಿಲ್ಲಿಸಿ ನರಗಳ ಮೇಲೆ ಗೆರೆ ಎಳೀತಾರೆ. ಮಲಗಿದ್ರೆ ಈ ನರ ಇಳಿದ್ಹೋಗುತ್ತೆ, ಕಾಣ್ಸಲ್ಲ."

ಅಷ್ಟರಲ್ಲಿ ಕೆಳಗೆ ಗಲಾಟೆ ಎದ್ದಿತು. ಯಾವುದೋ ತೋಟದಲ್ಲಿ ಮರದಿಂದ ಬಿದ್ದವನನ್ನು ಜೀಪಿನಲ್ಲಿ ತಂದಿದ್ದರು. ಆಪರೇಷನ್ ಮಾಡಬೇಕಿದ್ದ ಡಾಕ್ಟರ್ ಚಂದ್ರಶೇಖರ್ ಅತ್ತ ಓಡಿದರು, ರೂಪಶ್ರೀ ಅವರ ಹಿಂದೆ ಓಡಿದಳು. ಪೆನ್ನು ಜಯದೇವಪ್ಪನವರ ಕೈಯಲ್ಲಿ ಉಳಿಯಿತು.

ಗುರುತು ಹಾಕುವುದನ್ನು ಜಯದೇವಪ್ಪನವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಗಸಿ ಮಾಡುತ್ತಾರೆ, ಎಂದರೆ ನೆರಳು ಹೆಚ್ಚಾದ ಮರಗಳ ಕೊಂಬೆ ಕಡಿಯುತ್ತಾರೆ. ಆಗ ರೈಟರ್ ಮುಂದೆ ಹೋಗಿ ಮುಟ್ಟಬಾರದ ಮರಗಳಿಗೆ ಸುಣ್ಣದಲ್ಲಿ ಇಂಟು ಗುರುತು ಹಾಕುತ್ತಾರೆ. ಮೂವತ್ತೆರಡು ವರ್ಷ ಜಯದೇವಪ್ಪನವರು ಇಂಟು ಹಾಕಿದ ಒಂದು ಮರಕ್ಕೂ ಕತ್ತಿ ಬಿದ್ದಿರಲಿಲ್ಲ. ಅವರು ಪಂಚೆ ಮೇಲೆತ್ತಿ, ಕಾಪಾಡಬೇಕಾದ ಬಲಗಾಲಿನ ಮೊಣಕಾಲ ಕೆಳಗೆ ದೊಡ್ಡದೊಂದು ಇಂಟು ಎಳೆದು, ನೆಮ್ಮದಿಯಿಂದ ಪೆನ್ನಿನ ಮುಚ್ಚಳ ಹಾಕಿದರು.

ಬೊಮ್ಮಯ್ಯ ದಡಬಡಿಸಿ ಎದ್ದು ಕೂತ. "ಏನ್ ರೈಟ್ರೇ ಇದು! ನೋವು ಎಡಗಾಲು ಅಂದ್ರಿ, ಬಲಗಾಲು ಕಡೀರಿ ಅಂತ ಬರ್ಕೊಂಡ್ರಲ್ಲ!"

"ಕಡೀಬೇಡಿ ಅಂತ ಮಾರಾಯ. ಇಂಟು ಹಾಕಿದ ಮರ ಕಡೀತಾರಾ ಎಲ್ಲಾದ್ರೂ?"

"ನಮ್ಮ ಜಾವಳಿ ಕಡೆ ಇಂಟು ಹಾಕಿದ್ದನ್ನೇ ಕಡಿಯೋದು! ಕೆಂಪು ಬಣ್ಣದಲ್ಲಿ ಹಾಕ್ತಾರೆ, ಗಂಡಾಳು ಬಂದು ಬುಡಕ್ಕೇ ಕೊಡಲಿ ಹಾಕ್ತಾರೆ."

"ಬುಡಕ್ಕೇ?"

"ಬುಡಕ್ಕೇ."

ಜಯದೇವಪ್ಪನವರು ತಮ್ಮ ಬಲಗಾಲಿನ ಬುಡ ನೋಡಿಕೊಂಡರು. ಈಗ ಒಂದು ಪ್ರಶ್ನೆ ಎದ್ದಿತು, ಮತ್ತು ಅದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಡಾಕ್ಟರು ವಸ್ತಾರೆ ಪದ್ಧತಿಯವರೋ, ಜಾವಳಿ ಪದ್ಧತಿಯವರೋ?

ಉಪ್ಪಿಟ್ಟಿನ ನಿರೀಕ್ಷೆಯಲ್ಲಿದ್ದ ಹನ್ನೊಂದು ಜನರೂ ಮಂಚದ ಸುತ್ತ ಸೇರಿದರು. ವಾರ್ಡು ಎರಡು ಪಕ್ಷವಾಯಿತು. ಪರಮೇಶ್ವರಪ್ಪನವರು ಊರಿನ ಪರವಾಗಿ, "ಇಂಟು ಅಂದ್ರೆ ಬೇಡ. ಶಾಲೆ ಮೇಷ್ಟ್ರೂ ತಪ್ಪು ಉತ್ತರಕ್ಕೇ ಇಂಟು ಹಾಕೋದು" ಎಂದರು. ಕಿಟಕಿ ಪಕ್ಕದ ಮಂಚದ ಕಣ್ಣಿನ ರೋಗಿಯೊಬ್ಬರು, "ಬ್ಯಾಂಕಲ್ಲಿ ಸಹಿ ಮಾಡೋ ಜಾಗಕ್ಕೆ ಇಂಟು ಹಾಕಿ ಕೊಡ್ತಾರಲ್ರೀ? ಇಂಟು ಅಂದ್ರೆ ಇಲ್ಲೇ ಮಾಡಿ ಅಂತ" ಎಂದು ಜಾವಳಿಯ ಕಡೆ ಸೇರಿದರು. ಅವರಿಗೆ ಕಣ್ಣಿಗೆ ಪಟ್ಟಿ ಕಟ್ಟಿತ್ತು, ಇಂಟು ಕಂಡಿರಲಿಲ್ಲ. ಆದರೂ ಅವರ ಮಾತಿಗೆ ತೂಕವಿತ್ತು.

ರುದ್ರಾಣಮ್ಮ ಈ ಶಾಸ್ತ್ರಾರ್ಥ ಮುಗಿಯುವವರೆಗೆ ಕಾಯಲಿಲ್ಲ. ಕೊಬ್ಬರಿ ಎಣ್ಣೆ ಸುರಿದು, ಸೆರಗಿನಿಂದ ಇಂಟನ್ನು ತಿಕ್ಕಿದರು. ಅಂಥ ಪೆನ್ನಿನ ಬಣ್ಣ ಅಷ್ಟಕ್ಕೆಲ್ಲ ಹೋಗುವಂಥದ್ದಲ್ಲ. ಇಂಟು ಮೊದಲಿಗಿಂತ ಮಿರುಗಿತು.

"ಅಳಿಸೋದು ಯಾಕೆ? ಇನ್ನೊಂದು ಕಾಲಿಗೆ ರೈಟ್ ಮಾರ್ಕ್ ಹಾಕ್ಬಿಡು" ಎಂದು ಪರಮೇಶ್ವರಪ್ಪನವರು ತೀರ್ಪು ಕೊಟ್ಟರು. "ಬಲಕ್ಕೆ ಇಂಟು, ಎಡಕ್ಕೆ ರೈಟು. ಇನ್ನು ಯಾರಿಗೆ ಅನುಮಾನ ಬರುತ್ತೆ?"

ಎಲ್ಲರೂ ಹೌದೆಂದರು. ಜಯದೇವಪ್ಪನವರು ಎಡಗಾಲಿಗೆ ಅಂದವಾದ ಒಂದು ರೈಟ್ ಮಾರ್ಕ್ ಹಾಕಿದರು. ಅಷ್ಟಕ್ಕೆ ಬೊಮ್ಮಯ್ಯ ಗಲ್ಲ ಕೆರೆದುಕೊಂಡು, "ಆದ್ರೆ ರೈಟ್ರೇ, ರೈಟ್ ಅಂದ್ರೆ ಸರಿ ಇದೆ ಅಂತ. ಸರಿ ಇರೋ ಕಾಲನ್ನ ಯಾರು ಕೊಯ್ತಾರೆ?" ಎಂದ. ಮತ್ತೆ ಮೊದಲಿನಿಂದ ಶುರುವಾಯಿತು.

ಈ ಗದ್ದಲದೊಳಗೆ ವಾರ್ಡಿನ ಶಿವಯ್ಯ ರೇಜರು, ನೀರಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ. ಆಪರೇಷನ್ನಿಗೆ ಮುಂಚೆ ಕಾಲಿನ ಕೂದಲು ತೆಗೆಯುವುದು ಅವನ ಕೆಲಸ. ಡಾಕ್ಟರುಗಳ ಜೊತೆ ಇಪ್ಪತ್ತು ವರ್ಷ ಇದ್ದದ್ದರಿಂದ ಎಡ ಬಲ ಎನ್ನುವುದನ್ನು ಬಿಟ್ಟು ಲೆಫ್ಟ್ ರೈಟ್ ಎನ್ನಲು ಕಲಿತಿದ್ದ.

"ಕಾಲಿನ ಕೇಸ್ ಯಾರ್ದು? ಯಾವ ಕಾಲು?"

"ಅದೇ ಕಣಯ್ಯ, ರೈಟರ್ ಕಾಲು!" ಎಂದ ಬೊಮ್ಮಯ್ಯ.

ಶಿವಯ್ಯನ ಕಿವಿಗೆ 'ರೈಟ್ ಕಾಲು' ಎಂಬುದಷ್ಟೇ ಬಿತ್ತು. ಬಂದು ನೋಡಿದರೆ ಬಲಗಾಲಿಗೆ ದೊಡ್ಡ ಗುರುತು ಬೇರೆ ಇದೆ. ಜಯದೇವಪ್ಪನವರು ಅತ್ತ ತಿರುಗಿ ಬ್ಯಾಂಕಿನ ವಾದಕ್ಕೆ ಉತ್ತರ ಕೊಡುವಷ್ಟರಲ್ಲಿ ಅವನು ಬಲಗಾಲನ್ನು ಮೊಣಕಾಲಿನವರೆಗೆ ನುಣ್ಣಗೆ ಮಾಡಿ ಮುಗಿಸಿದ್ದ.

"ಅಯ್ಯಯ್ಯೋ! ಇದಲ್ವೋ, ಅದು!" ಎಂದು ಜಯದೇವಪ್ಪನವರು ಕೂಗಿದರು.

"ಮೊದ್ಲೇ ಹೇಳ್ಬಾರ್ದಾ" ಎಂದು ಗೊಣಗುತ್ತ ಅವನು ಎಡಗಾಲನ್ನೂ ಮಾಡಿದ. ಈಗ ಎರಡು ಕಾಲೂ ನುಣುಪು, ಎರಡರ ಮೇಲೂ ಗುರುತು. ಕೆಳಗಿನಿಂದ ಡಾಕ್ಟರು ಫೋನ್ ಮಾಡಿದರು. "ಇಲ್ಲಿ ತಡ ಆಯ್ತು, ರೋಗೀನ ಥಿಯೇಟರಿಗೇ ಕರ್ಕೊಂಡ್ಬಾ. ಯಾವ ಕಾಲು ರೆಡಿ ಮಾಡ್ದೆ?" ಎಂದರು. ಶಿವಯ್ಯ ಇರುವ ಪರಿಸ್ಥಿತಿಯನ್ನು ವಿವರಿಸುವಷ್ಟು ಪುರಸೊತ್ತಿಲ್ಲದೆ, ಎಲ್ಲ ಸರಿಯಾಗಿದೆ ಎಂಬರ್ಥದಲ್ಲಿ, "ರೈಟ್ ಸಾರ್" ಎಂದ.

ಸ್ಟ್ರೆಚರ್ ಹೊರಟಿತು. ಹಿಂದೆ ರುದ್ರಾಣಮ್ಮ, ಅವರ ಹಿಂದೆ ಹನ್ನೊಂದು ಜನ, ಎಲ್ಲರ ಹಿಂದೆ ಹೊಟ್ಟೆ ಹಿಡಿದುಕೊಂಡು ಬೊಮ್ಮಯ್ಯ. ಥಿಯೇಟರಿನ ಬಾಗಿಲಲ್ಲಿ ಎಲ್ಲರನ್ನೂ ತಡೆದರು. ರುದ್ರಾಣಮ್ಮ ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲೇ, "ರೀ, ಬಲಗಾಲು ಮಡಚಿ ಇಟ್ಕೊಂಡಿರಿ!" ಎಂದು ಕೂಗಿದರು.

ಒಳಗೆ ತಣ್ಣಗಿತ್ತು. ತಲೆಯ ಮೇಲೆ ದೊಡ್ಡ ದೀಪ. ಮಲಗಿಸಿದ ಸ್ವಲ್ಪ ಹೊತ್ತಿಗೆ ರೂಪಶ್ರೀ ಹೇಳಿದ್ದಂತೆಯೇ ಆಯಿತು. ಎರಡೂ ಕಾಲಿನ ನರಗಳು ಇಳಿದುಹೋಗಿ, ಯಾವ ಕಾಲೂ ರೋಗದ ಕಾಲಿನಂತೆ ಕಾಣಲಿಲ್ಲ. ಡಾಕ್ಟರ್ ಚಂದ್ರಶೇಖರ್ ಗ್ಲೌಸು ಹಾಕಿಕೊಳ್ಳುತ್ತ ಬಂದು ಬಲಗಾಲಿನ ಪಕ್ಕ ನಿಂತರು. ಬೆನ್ನಿಗೆ ಸೂಜಿ ಕೊಡಲು ಅರಿವಳಿಕೆ ಡಾಕ್ಟರು ಸಿದ್ಧರಾದರು.

"ಒಂದ್ನಿಮಿಷ ಸಾರ್" ಎಂದಳು ರೂಪಶ್ರೀ. "ಶೀಟಲ್ಲಿ ಎಡಗಾಲು ಅಂತಿದೆ."

"ಶಿವಯ್ಯ ರೈಟ್ ಅಂದ್ನಲ್ಲಮ್ಮ. ಇಲ್ನೋಡು, ಇಂಟು ಹಾಕಿದೆ. ಇಂಟು ಅಂದ್ರೆ ಇಲ್ಲಿ ಕೊಯ್ಯಿ ಅಂತ."

ಅರಿವಳಿಕೆ ಡಾಕ್ಟರು ತಲೆ ಎತ್ತಿದರು. "ಇಲ್ಲಿ ಹಾಗಾ? ನಾನು ಮೊದಲಿದ್ದ ಆಸ್ಪತ್ರೇಲಿ ಇಂಟು ಅಂದ್ರೆ ಮುಟ್ಬೇಡಿ ಅಂತಿತ್ತು."

"ಏನ್ ಹೇಳ್ತೀರಿ?"

"ನಿಜ. ಮಾಡ್ಬೇಕಾದ ಕಡೆ ರೈಟ್ ಮಾರ್ಕ್ ಹಾಕ್ತಿದ್ವಿ."

"ರೈಟ್ ಎಲ್ಲಿದೆ?"

"ಲೆಫ್ಟಲ್ಲಿದೆ."

ಹತ್ತು ಹನ್ನೆರಡು ವರ್ಷ ಓದಿದ ಇಬ್ಬರು ಡಾಕ್ಟರುಗಳು ಒಂದೇ ಮೇಜಿನ ಎರಡು ಬದಿ ನಿಂತು ವಸ್ತಾರೆ ಮತ್ತು ಜಾವಳಿಯಾಗಿದ್ದರು. ಚಂದ್ರಶೇಖರ್ ಬಲಗಾಲಿನ ಪಕ್ಕದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಈ ಪೆನ್ನನ್ನು ಕೊಟ್ಟವಳು ತಾನೇ, ಯಾವ ಗುರುತು ಎಂದು ಹೇಳದೆ ಓಡಿದವಳೂ ತಾನೇ ಎಂಬುದು ರೂಪಶ್ರೀಗೆ ಆಗ ಹೊಳೆಯಿತು.

ಮೇಜಿನ ಮೇಲೆ ಮಲಗಿದ್ದ ಜಯದೇವಪ್ಪನವರಿಗೆ ಈಗ ನಿಜವಾಗಿ ಹೆದರಿಕೆಯಾಯಿತು. ಎರಡು ದಿನದಿಂದ ಪ್ರಶ್ನೆ ಕೇಳಿ ಕೇಳಿ ಎಲ್ಲರ ಜೀವ ತಿಂದಿದ್ದ ಮನುಷ್ಯನ ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ರೂಪಶ್ರೀ ಬಗ್ಗಿ ಅವರ ಭುಜ ಮುಟ್ಟಿದಳು.

"ಜಯದೇವಪ್ಪನವ್ರೇ, ಗುರುತು ಬಿಡಿ. ನೀವೇ ಬಾಯ್ಬಿಟ್ಟು ಹೇಳಿ. ಯಾವ ಕಾಲು ನೋಯೋದು?"

"ಎಡಗಾಲಮ್ಮ" ಎಂದರು ಜಯದೇವಪ್ಪನವರು. "ಎಡಗಾಲು ನೋಯೋದು. ಬೆಳಗ್ಗಿಂದ ಹದಿನೈದು ಜನ ನನ್ನ ಕಾಲು ನೋಡಿದ್ರು. ಇಂಟು ಅಂದ್ರೇನು, ರೈಟ್ ಅಂದ್ರೇನು ಅಂತ ಎಲ್ರೂ ಹೇಳಿದ್ರು. ನೋವು ಎಲ್ಲಿ ಅಂತ ಒಬ್ರೂ ಕೇಳ್ಲಿಲ್ಲ. ನಂಗೂ ಹೇಳ್ಬೇಕು ಅಂತ ಹೊಳೀಲಿಲ್ಲ."

ಚಂದ್ರಶೇಖರ್ ಜಯದೇವಪ್ಪನವರನ್ನು ಮೇಜಿನಿಂದ ಇಳಿಸಿ ನಿಲ್ಲಿಸಿದರು. ನರಗಳು ಮೆಲ್ಲಗೆ ಮತ್ತೆ ಎದ್ದವು. "ಇಲ್ಲಿ ನೋವಾ? ಇಲ್ಲಿ?" ಎಂದು ಒತ್ತಿ ಒತ್ತಿ ಕೇಳುತ್ತ, ನೆಲದ ಮೇಲೆ ಮಂಡಿಯೂರಿ ಎಡಗಾಲಿನ ಉದ್ದಕ್ಕೂ ತಾವೇ ಗೆರೆ ಎಳೆದರು. ಬಲಗಾಲಿನ ಇಂಟನ್ನು ಸ್ಪಿರಿಟ್ ಹಾಕಿ ಉಜ್ಜಿ ತೆಗೆದರು. ಜಯದೇವಪ್ಪನವರು ಒಂದೊಂದಕ್ಕೂ "ಹೂಂ ಸಾರ್", "ಅಲ್ಲ ಸಾರ್, ಇನ್ನೊಂಚೂರು ಕೆಳಗೆ" ಎಂದು ಉತ್ತರ ಕೊಟ್ಟರು. ಅಷ್ಟು ಗಮನವಿಟ್ಟು ಅವರ ಮಾತನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು. ಆಮೇಲೆ ಬೆನ್ನಿಗೆ ಸೂಜಿ ಕೊಟ್ಟರು.

ಮಧ್ಯಾಹ್ನ ಎರಡಕ್ಕೆ ವಾರ್ಡಿಗೆ ಕರೆತಂದಾಗ ಜಯದೇವಪ್ಪನವರಿಗೆ ಎಚ್ಚರವೇನೋ ಇತ್ತು, ಸೊಂಟದ ಕೆಳಗೆ ಮಾತ್ರ ಏನೂ ಇರಲಿಲ್ಲ. ಎಡಗಾಲೂ ತಿಳಿಯದು, ಬಲಗಾಲೂ ತಿಳಿಯದು. ಮಲಗಿದ ಮೇಲೆ ಅವರು ಮನಸ್ಸು ಬದಲಿಸಿರಬಹುದೇ? ಪರದೆ ಕಟ್ಟಿದ್ದರಲ್ಲ, ಆಚೆ ಏನು ಮಾಡಿದರೋ ಯಾರು ನೋಡಿದವರು? ತಲೆ ಎತ್ತಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಎತ್ತಿ ನೋಡುವ ಹಾಗೂ ಇಲ್ಲ. ಹನ್ನೊಂದು ಜನರೂ ಬೊಮ್ಮಯ್ಯನೂ ಸುತ್ತ ನಿಂತರು.

"ರುದ್ರಾಣಿ" ಎಂದರು ಜಯದೇವಪ್ಪನವರು, ಮಾಡಿನ ಫ್ಯಾನು ನೋಡುತ್ತ. "ನೋಡೇ. ಯಾವ್ದು?"

ರುದ್ರಾಣಮ್ಮ ಮಂಚದ ಕಾಲ್ಬದಿಗೆ ಹೋಗಿ ಗಂಡನಿಗೆ ಎದುರಾಗಿ ನಿಂತು, ಹೊದಿಕೆ ಎತ್ತಿ ನೋಡಿದರು. ತೊಡೆಯಿಂದ ಹೆಬ್ಬೆರಳವರೆಗೆ ಬಿಳಿ ಬ್ಯಾಂಡೇಜು ಸುತ್ತಿತ್ತು. ಬೆಳಗ್ಗಿನಿಂದ ತಡೆದಿಟ್ಟ ಅಳು ಆಗ ಬಂತು.

"ಎಡಗಾಲು ಕಣ್ರೀ" ಎಂದರು. "ಎಡಗಾಲೇ."

ಜಯದೇವಪ್ಪನವರು ಫ್ಯಾನಿನಿಂದ ಕಣ್ಣು ತೆಗೆಯದೆಯೇ ಕೇಳಿದರು.

"ನನ್ನ ಎಡಾನೋ, ಅಲ್ಲಿ ನಿಂತ್ಕೊಂಡಿರೋ ನಿನ್ನ ಎಡಾನೋ?"

ರುದ್ರಾಣಮ್ಮ ಸುತ್ತಿ ಬಂದು ಪಕ್ಕದಲ್ಲಿ ಕೂತು, ಗಂಡನ ಎಡಗೈ ಹಿಡಿದು ಬ್ಯಾಂಡೇಜಿನ ಮೇಲಿಟ್ಟರು.